ತುರ್ತುಸೇವೆಗಳ ನಿಸ್ತಂತು ಸಂಪರ್ಕ: ನಾಳಿನ ತಂತ್ರಜ್ಞಾನ ಮತ್ತು ಅವಳಿನಗರದ ಸಿದ್ಧತೆ

2019ರ ಮಾರ್ಚ್ 19ರ ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದಲ್ಲಿದ್ದ ಬಹುಮಹಡಿ ವಾಣಿಜ್ಯ ಕಟ್ಟಡವೊಂದು ಕುಸಿದು ಬಿದ್ದಿತು. 19 ಜನರು ಪ್ರಾಣ ಕಳೆದುಕೊಂಡರು. ಅವಶೇಷಗಳ ಅಡಿಯಲ್ಲಿ ಸಿಲುಕಿದವರನ್ನು ಹೊರತೆಗೆಯುವ ಕಾರ್ಯ ಹಲವು ದಿನಗಳ ಕಾಲ ಹಗಲಿರುಳೆನ್ನದೆ ನಡೆಯಿತು. ಪೊಲೀಸರು, ಅಗ್ನಿಶಾಮಕ ದಳದವರು, ರಾಷ್ಟ್ರೀಯ ಹಾಗೂ ರಾಜ್ಯ ವಿಪತ್ತು ಸ್ಪಂದನಾ ಪಡೆಗಳು, ಆಂಬುಲೆನ್ಸ್ ಸಿಬ್ಬಂದಿ, ವೈದ್ಯರು, ಜಿಲ್ಲಾಡಳಿತದ ಅಧಿಕಾರಿಗಳು, ಯಂತ್ರಗಳ ಚಾಲಕರು ಹಾಗೂ ಸ್ವಯಂಸೇವಕರು ಒಂದೇ ಸ್ಥಳದಲ್ಲಿ ಕೂಡಿ ದುಡಿದರು.

ಇಂತಹ ಸ್ಥಳದಲ್ಲಿ ಕಾರ್ಯಾಚರಣೆಯ ಯಶಸ್ಸು ಕ್ರೇನು, ಕಟರುಗಳ ಶಕ್ತಿಯನ್ನು ಎಷ್ಟು ಅವಲಂಬಿಸಿದೆಯೋ, ಒಬ್ಬರ ಮಾತು ಇನ್ನೊಬ್ಬರಿಗೆ ಸಕಾಲದಲ್ಲಿ ತಲುಪುವುದನ್ನೂ ಅಷ್ಟೇ ಅವಲಂಬಿಸಿದೆ. ಒಂದು ಮೂಲೆಯಲ್ಲಿ ಯಂತ್ರ ಚಲಿಸಿದರೆ ಇನ್ನೊಂದು ಮೂಲೆಯಲ್ಲಿ ತೊಲೆ ಜಾರಬಹುದು. ಒಳಗಿನ ಕ್ಷೀಣ ಕೂಗನ್ನು ಆಲಿಸಲು ಎಲ್ಲರೂ ಏಕಕಾಲಕ್ಕೆ ಸುಮ್ಮನಾಗಬೇಕಾಗಬಹುದು. ಆ ಸೂಚನೆಯನ್ನು ಹತ್ತು ಇಲಾಖೆಗಳಿಗೆ ಹತ್ತು ಬಾರಿ ಹೇಳುವಷ್ಟು ವ್ಯವಧಾನ ಅಲ್ಲಿರುವುದಿಲ್ಲ. ಆದ್ದರಿಂದಲೇ ತುರ್ತುಸೇವೆಗಳ ನಿಸ್ತಂತು ಸಂಪರ್ಕದ ಮುಂದಿನ ದಿಕ್ಕು ಯಾವುದು ಎಂಬ ಪ್ರಶ್ನೆ ತಂತ್ರಜ್ಞರಿಗೆ ಮಾತ್ರ ಸೀಮಿತವಾಗಿಲ್ಲ. ಗೋದಾಮು, ಕಾರ್ಖಾನೆ, ಬಹುಮಹಡಿ ಮಳಿಗೆಗಳನ್ನು ನಡೆಸುವ ಪ್ರತಿಯೊಬ್ಬ ಉದ್ಯಮಿಗೂ ಅದು ಸಂಬಂಧಿಸಿದೆ.

ಮೊಬೈಲ್ ಯುಗದಲ್ಲಿ ವಾಕಿಟಾಕಿ ಏಕೆ?

ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇರುವಾಗ ಪ್ರತ್ಯೇಕ ರೇಡಿಯೋ ಉಪಕರಣದ ಅಗತ್ಯವೇನೆಂಬ ಸಂದೇಹ ಸಹಜ. ಇದಕ್ಕೆ ನಾಲ್ಕು ಉತ್ತರಗಳಿವೆ.

ಮೊದಲನೆಯದು, ಮೊಬೈಲ್ ಕರೆ ಇಬ್ಬರ ನಡುವಿನ ಸಂಭಾಷಣೆ. ವಾಕಿಟಾಕಿ ಒಂದು ಗುಂಪಿನ ಸಂಭಾಷಣೆ. ಗುಂಡಿ ಒತ್ತಿ ಒಬ್ಬರು ಆಡಿದ ಮಾತನ್ನು ಅದೇ ಚಾನೆಲ್‌ನಲ್ಲಿರುವ ಐವತ್ತು ಜನರೂ ಕೇಳುತ್ತಾರೆ. ಎರಡನೆಯದು, ವೇಗ. ಸಂಖ್ಯೆ ಒತ್ತಿ, ಗಂಟೆ ಬಾರಿಸಿ, ಎದುರಿನವರು ಕರೆ ಸ್ವೀಕರಿಸುವವರೆಗೆ ಕಾಯುವ ಸೆಕೆಂಡುಗಳು ಬೆಂಕಿಯ ಮುಂದೆ ದುಬಾರಿಯಾಗುತ್ತವೆ. ಮೂರನೆಯದು, ದಟ್ಟಣೆ. ಅವಘಡ ಸಂಭವಿಸಿದ ಕೂಡಲೇ ಬಂಧುಗಳು, ಪತ್ರಕರ್ತರು, ಕುತೂಹಲಿಗಳು ಒಮ್ಮೆಲೇ ಕರೆ ಮಾಡತೊಡಗುವುದರಿಂದ ಸಾರ್ವಜನಿಕ ಜಾಲ ಅತಿ ಅಗತ್ಯದ ಗಳಿಗೆಯಲ್ಲಿಯೇ ಕಟ್ಟಿಕೊಳ್ಳುತ್ತದೆ.

ನಾಲ್ಕನೆಯ ಕಾರಣ ಎಲ್ಲಕ್ಕಿಂತ ಮುಖ್ಯವಾದುದು. ಎರಡು ವಾಕಿಟಾಕಿಗಳು ನಡುವೆ ಯಾವುದೇ ಗೋಪುರವಿಲ್ಲದೆ ಪರಸ್ಪರ ನೇರವಾಗಿ ಮಾತನಾಡಬಲ್ಲವು. ಸಾಮಾನ್ಯ ಮೊಬೈಲ್ ಕರೆಗೆ ಗೋಪುರ ಬೇಕೇ ಬೇಕು. ಪಕ್ಕದಲ್ಲಿ ನಿಂತವರಿಗೆ ಮಾಡಿದ ಕರೆಯೂ ಗೋಪುರದ ಮೂಲಕವೇ ಸಾಗುತ್ತದೆ. ಮೊಬೈಲ್ ದೂರವಾಣಿಯ ಗರಿಷ್ಠ ಪ್ರಸಾರ ಶಕ್ತಿ ಸಾಮಾನ್ಯವಾಗಿ ಒಂದು ವಾಟ್‌ನ ಐದನೇ ಒಂದು ಭಾಗದಷ್ಟಿದ್ದರೆ, ತುರ್ತುಸೇವೆಯ ಕೈರೇಡಿಯೋದ ಶಕ್ತಿ 4ರಿಂದ 5 ವಾಟ್‌ಗಳಷ್ಟಿರುತ್ತದೆ. ವಿದ್ಯುತ್ ಹೋಗಿ ಗೋಪುರದ ಬ್ಯಾಟರಿ ಬರಿದಾದಾಗಲೂ ಅಗ್ನಿಶಾಮಕ ಸಿಬ್ಬಂದಿಯ ಮಾತು ನಿಲ್ಲದಿರುವುದಕ್ಕೆ ಇದೇ ಆಧಾರ.

ನಡೆದು ಬಂದ ದಾರಿ

ಧಾರವಾಡದ ಜನತೆಗೆ ರೇಡಿಯೋ ಎಂದೊಡನೆ ನೆನಪಾಗುವುದು 1950ರ ಜನವರಿ 8ರಂದು ಆರಂಭವಾದ ಆಕಾಶವಾಣಿ ನಿಲಯ. ಅದು ಒಂದೆಡೆಯಿಂದ ಸಾವಿರಾರು ಕಿವಿಗಳಿಗೆ ತಲುಪುವ ಏಕಮುಖ ಪ್ರಸಾರ. ಪೊಲೀಸ್ ರೇಡಿಯೋ ಕೂಡ ಆರಂಭದಲ್ಲಿ ಹೀಗೆಯೇ ಇತ್ತು. 1928ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪೊಲೀಸರು ಕಾರುಗಳಲ್ಲಿ ಗ್ರಾಹಕಗಳನ್ನು ಅಳವಡಿಸಿದಾಗ ಠಾಣೆಯ ಆದೇಶ ಕೇಳಿಸುತ್ತಿತ್ತೇ ಹೊರತು ಮರುತ್ತರ ನೀಡಲು ಸಾಧ್ಯವಿರಲಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೇಯೋನ್ ನಗರದಲ್ಲಿ ಕಾರುಗಳಿಂದಲೂ ಮಾತನಾಡಬಲ್ಲ ದ್ವಿಮುಖ ವ್ಯವಸ್ಥೆ ಬಂದಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಎಫ್.ಎಂ. ಉಪಕರಣಗಳು ರೂಪುಗೊಂಡು, ವಾಕಿಟಾಕಿ ಎಂಬ ಹೆಸರು ಲೋಕಕ್ಕೆ ಪರಿಚಯವಾಯಿತು. ಭಾರತದಲ್ಲಿ ರಾಜ್ಯಗಳ ಪೊಲೀಸ್ ನಿಸ್ತಂತು ಜಾಲಗಳನ್ನು ಸಮನ್ವಯಗೊಳಿಸುವ ಕೇಂದ್ರ ನಿರ್ದೇಶನಾಲಯ 1946ರಿಂದಲೂ ಕಾರ್ಯನಿರ್ವಹಿಸುತ್ತಿದೆ.

ದಶಕಗಳ ಕಾಲ ಈ ಉಪಕರಣಗಳೆಲ್ಲವೂ ಅನಲಾಗ್ ವಿಧಾನದವಾಗಿದ್ದವು. 1990ರ ದಶಕದಿಂದ ಡಿಜಿಟಲ್ ವಿಧಾನಗಳು ಬಂದವು. ಯುರೋಪಿನಲ್ಲಿ ರೂಪುಗೊಂಡ ಟೆಟ್ರಾ ಪದ್ಧತಿ 25 ಕಿಲೋಹರ್ಟ್ಸ್ ಅಗಲದ ಒಂದೇ ವಾಹಕದಲ್ಲಿ ಕಾಲವನ್ನು ನಾಲ್ಕು ತುಣುಕುಗಳಾಗಿ ಹಂಚಿ ನಾಲ್ಕು ಸಂಭಾಷಣೆಗಳಿಗೆ ಅವಕಾಶ ನೀಡುತ್ತದೆ. ದೆಹಲಿ ಮೆಟ್ರೋದಂತಹ ಸಾರಿಗೆ ವ್ಯವಸ್ಥೆಗಳು ಇದನ್ನೇ ನೆಚ್ಚಿಕೊಂಡಿವೆ. 2005ರಲ್ಲಿ ಪ್ರಕಟವಾದ ಡಿ.ಎಂ.ಆರ್. ಮಾನದಂಡ 12.5 ಕಿಲೋಹರ್ಟ್ಸ್‌ನಲ್ಲಿ ಎರಡು ಸಂಭಾಷಣೆಗಳನ್ನು ಸಾಗಿಸುತ್ತದೆ. ಇದರ ವೆಚ್ಚ ಕಡಿಮೆಯಾದ್ದರಿಂದ ಕಾರ್ಖಾನೆ, ಹೋಟೆಲು, ಗಣಿಗಳಲ್ಲಿಯೂ ಬಳಕೆಗೆ ಬಂದಿದೆ. ಅಮೆರಿಕದಲ್ಲಿ ಪಿ-25 ಎಂಬ ಇನ್ನೊಂದು ಮಾನದಂಡ ನೆಲೆಯೂರಿತು.

ಡಿಜಿಟಲ್‌ನಿಂದ ಮಾತು ಸ್ಪಷ್ಟವಾಗುತ್ತದೆ, ಗೋಪ್ಯತೆ ದೊರೆಯುತ್ತದೆ, ಮಾತನಾಡುವವರ ಗುರುತು ಹಾಗೂ ಸ್ಥಳ ಪರದೆಯ ಮೇಲೆ ಮೂಡುತ್ತದೆ. ಆದರೆ ಒಂದು ಎಚ್ಚರಿಕೆಯೂ ಅಗತ್ಯ. ಸಂಕೇತ ಕ್ಷೀಣಿಸಿದಂತೆ ಅನಲಾಗ್ ಧ್ವನಿಯಲ್ಲಿ ಕರಕರ ಸದ್ದು ಹೆಚ್ಚುತ್ತಾ ಹೋಗುತ್ತದೆ. ಕೇಳುವವರಿಗೆ ಅಪಾಯದ ಮುನ್ಸೂಚನೆ ಸಿಗುತ್ತದೆ. ಡಿಜಿಟಲ್ ಧ್ವನಿ ಕೊನೆಯವರೆಗೂ ಚೆನ್ನಾಗಿದ್ದು ಥಟ್ಟನೆ ಕಡಿದುಹೋಗುತ್ತದೆ. ನೆಲಮಾಳಿಗೆಗೆ ಇಳಿಯುವ ಸಿಬ್ಬಂದಿಗೆ ಈ ವ್ಯತ್ಯಾಸದ ತರಬೇತಿ ಇರಲೇಬೇಕು. ಗೋಪ್ಯತೆಯೂ ಶಾಶ್ವತವಲ್ಲ. ಟೆಟ್ರಾದ ಗೂಢಲಿಪಿ ವಿಧಾನಗಳ ಪೈಕಿ ಒಂದರಲ್ಲಿ ಗಂಭೀರ ದೌರ್ಬಲ್ಯವಿರುವುದನ್ನು ಡಚ್ ಸಂಶೋಧಕರು 2023ರಲ್ಲಿ ಬಹಿರಂಗಪಡಿಸಿದರು.

ಬೇರೆ ಬೇರೆ ಜಾಲಗಳ ಬೆಲೆ

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನ ವಿಶ್ವ ವಾಣಿಜ್ಯ ಕೇಂದ್ರದ ದಕ್ಷಿಣ ಗೋಪುರ ಬೆಳಗಿನ 9.59ಕ್ಕೆ ಕುಸಿಯಿತು. ಉತ್ತರ ಗೋಪುರ ಕುಸಿದದ್ದು 10.28ಕ್ಕೆ. ನಡುವೆ ಇದ್ದದ್ದು 29 ನಿಮಿಷ. ಪೊಲೀಸ್ ಹೆಲಿಕಾಪ್ಟರ್‌ಗಳಿಂದ ಎಚ್ಚರಿಕೆಗಳು ಪ್ರಸಾರವಾದವು. ಪೊಲೀಸರ ರೇಡಿಯೋ ಜಾಲವೂ ಅಗ್ನಿಶಾಮಕ ದಳದ ಜಾಲವೂ ಬೇರೆಬೇರೆಯಾಗಿದ್ದುದರಿಂದ ಅವು ಅಗ್ನಿಶಾಮಕ ಅಧಿಕಾರಿಗಳಿಗೆ ತಲುಪಲಿಲ್ಲ. ಹೊರಬರುವಂತೆ ನೀಡಿದ ಆದೇಶ ಒಳಗಿದ್ದ ಎಲ್ಲ ಸಿಬ್ಬಂದಿಗೂ ಕೇಳಿಸಲಿಲ್ಲ. ಆ ದಿನ 343 ಅಗ್ನಿಶಾಮಕ ಸಿಬ್ಬಂದಿ ಮಡಿದರು. ಎಲ್ಲ ಸಾವುಗಳಿಗೂ ರೇಡಿಯೋ ಒಂದೇ ಕಾರಣವೆನ್ನಲಾಗದು. ಆದರೆ ಹೇಳಿದ ಮಾತು ಮುಟ್ಟದಿದ್ದರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಕಠೋರ ನಿದರ್ಶನ ಇನ್ನೊಂದಿಲ್ಲ.

ಭಾರತದಲ್ಲಿಯೂ ತುರ್ತುಸೇವೆಗಳ ಜಾಲಗಳು ಇಲಾಖೆವಾರು ಹರಿದು ಹಂಚಿಹೋಗಿವೆ. ಪೊಲೀಸ್, ಅಗ್ನಿಶಾಮಕ, ರೈಲ್ವೆ, ಅರಣ್ಯ ಇಲಾಖೆಗಳು ತಮ್ಮ ತಮ್ಮ ಕಾಲದಲ್ಲಿ, ತಮ್ಮ ತಮ್ಮ ಅಂದಾಜು ಪಟ್ಟಿಯಲ್ಲಿ ಉಪಕರಣಗಳನ್ನು ಖರೀದಿಸಿವೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ ಆರಂಭವಾದ 108 ಆರೋಗ್ಯ ಕವಚ ಸೇವೆ ಪ್ರಧಾನವಾಗಿ ದೂರವಾಣಿಯನ್ನೇ ಆಧರಿಸಿದೆ. ನಂತರ ಬಂದ 112 ಏಕೀಕೃತ ತುರ್ತು ಸಂಖ್ಯೆ ನಾಗರಿಕರ ಕರೆಯನ್ನು ಒಂದೆಡೆ ಸ್ವೀಕರಿಸಿ ಸಮೀಪದ ವಾಹನಕ್ಕೆ ರವಾನಿಸುವ ಮೂಲಕ ದೊಡ್ಡ ಹೆಜ್ಜೆಯನ್ನೇ ಇಟ್ಟಿತು. ನಾಗರಿಕನಿಂದ ನಿಯಂತ್ರಣ ಕೊಠಡಿಯವರೆಗಿನ ದಾರಿ ಹೀಗೆ ಒಂದಾಯಿತು. ಸ್ಥಳಕ್ಕೆ ಬಂದಿಳಿದ ಬಳಿಕ ಬೇರೆ ಬೇರೆ ಸಮವಸ್ತ್ರದವರು ತಮ್ಮೊಳಗೆ ಮಾತನಾಡಿಕೊಳ್ಳುವ ದಾರಿ ಇನ್ನೂ ಒಂದಾಗಬೇಕಿದೆ.

ಬ್ರಾಡ್‌ಬ್ಯಾಂಡ್ ಹೊತ್ತು ತರುವ ಹೊಸ ಸಾಧ್ಯತೆ

ಟೆಟ್ರಾ, ಡಿ.ಎಂ.ಆರ್.ಗಳಲ್ಲಿ ಮನುಷ್ಯನ ಧ್ವನಿಯನ್ನು ಸೆಕೆಂಡಿಗೆ 5 ಕಿಲೋಬಿಟ್‌ಗೂ ಕಡಿಮೆ ದತ್ತಾಂಶದಲ್ಲಿ ಅಡಕಗೊಳಿಸಲಾಗುತ್ತದೆ. ಸಾಧಾರಣ ಗುಣಮಟ್ಟದ ವಿಡಿಯೋ ದೃಶ್ಯಕ್ಕೆ ಸೆಕೆಂಡಿಗೆ ಸುಮಾರು 1 ಮೆಗಾಬಿಟ್, ಅಂದರೆ ಇನ್ನೂರು ಪಟ್ಟಿಗೂ ಹೆಚ್ಚು ಬೇಕು. ಡ್ರೋನ್‌ನಿಂದ ಬೆಂಕಿಯ ದೃಶ್ಯ, ಆಂಬುಲೆನ್ಸ್‌ನಿಂದ ಹೃದಯಬಡಿತದ ನಕ್ಷೆ, ಕಟ್ಟಡದ ನೀಲನಕ್ಷೆ ಇವೆಲ್ಲವನ್ನೂ ಹಳೆಯ ಚಾನೆಲ್‌ಗಳು ಹೊರಲಾರವು. ಆದ್ದರಿಂದ ಜಗತ್ತಿನ ಹಲವು ರಾಷ್ಟ್ರಗಳು 4ಜಿ ಮತ್ತು 5ಜಿ ತಂತ್ರಜ್ಞಾನದತ್ತ ಹೊರಳಿವೆ.

ಮೊಬೈಲ್ ತಂತ್ರಜ್ಞಾನದ ಮಾನದಂಡ ರೂಪಿಸುವ 3ಜಿಪಿಪಿ ಸಂಸ್ಥೆ 2016ರ ಆವೃತ್ತಿಯಲ್ಲಿ ತುರ್ತುಸೇವೆಗಳಿಗೆಂದೇ ಗುಂಡಿ ಒತ್ತಿ ಮಾತನಾಡುವ ಗುಂಪು ಕರೆಯ ಸೌಲಭ್ಯವನ್ನು ಸೇರಿಸಿತು. ಗುಂಡಿ ಒತ್ತಿದ ಮೇಲೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದೊಳಗೆ ಮಾತನಾಡಲು ಅವಕಾಶ ಸಿಗಬೇಕೆಂಬುದು ಅದರ ಗುರಿ. ಜಾಲ ಎಷ್ಟೇ ದಟ್ಟವಾಗಿದ್ದರೂ ತುರ್ತುಸೇವೆಯ ಕರೆಗೆ ಆದ್ಯತೆ ನೀಡಿ, ಅಗತ್ಯವಿದ್ದರೆ ಸಾಮಾನ್ಯ ಬಳಕೆದಾರರ ಸಂಪರ್ಕವನ್ನು ಬದಿಗೆ ಸರಿಸುವ ವ್ಯವಸ್ಥೆಯೂ ಇದೆ.

ಈ ದಾರಿಯಲ್ಲಿ ಮೂರು ರಾಷ್ಟ್ರಗಳ ಅನುಭವ ಗಮನಾರ್ಹ. ಅಮೆರಿಕ 2012ರಲ್ಲಿ ಕಾಯ್ದೆಯ ಮೂಲಕ ಫಸ್ಟ್‌ನೆಟ್ ಪ್ರಾಧಿಕಾರವನ್ನು ಸ್ಥಾಪಿಸಿ, 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ 20 ಮೆಗಾಹರ್ಟ್ಸ್ ತರಂಗಾಂತರವನ್ನು ಮೀಸಲಿಟ್ಟು, 2017ರಲ್ಲಿ ಖಾಸಗಿ ಕಂಪನಿಯೊಂದಕ್ಕೆ 25 ವರ್ಷಗಳ ಗುತ್ತಿಗೆ ನೀಡಿತು. ದಕ್ಷಿಣ ಕೊರಿಯಾ 2014ರ ಸೆವೋಲ್ ಹಡಗು ದುರಂತದ ಬಳಿಕ ಎಚ್ಚೆತ್ತು, ಪೊಲೀಸ್, ಅಗ್ನಿಶಾಮಕ, ಕರಾವಳಿ ಕಾವಲು ಪಡೆ ಮೊದಲಾದ ಸಂಸ್ಥೆಗಳೆಲ್ಲವೂ ಬಳಸುವ ಒಂದೇ ಎಲ್.ಟಿ.ಇ. ಜಾಲವನ್ನು 2021ರಲ್ಲಿ ದೇಶವ್ಯಾಪಿ ಪೂರ್ಣಗೊಳಿಸಿತು. ಬ್ರಿಟನ್‌ನ ಕಥೆ ಬೇರೆ. ಅಲ್ಲಿನ ಟೆಟ್ರಾ ಜಾಲವನ್ನು 2019ರ ಅಂತ್ಯಕ್ಕೆ ನಿಲ್ಲಿಸಿ 4ಜಿಗೆ ಬದಲಾಗುವ ಯೋಜನೆ ಪದೇ ಪದೇ ಮುಂದೂಡಲ್ಪಟ್ಟು, ಗಡುವು 2029ಕ್ಕೆ ಸರಿದಿದೆ. ಹಳೆಯದು ಸಾಯುವ ಮೊದಲು ಹೊಸದು ಅದರಷ್ಟೇ ನಂಬಿಕೆಗೆ ಅರ್ಹವಾಗಬೇಕೆಂಬುದು ಇದರ ಪಾಠ.

ಭಾರತದಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರ ಜೂನ್‌ನಲ್ಲಿ ಈ ವಿಷಯದ ಬಗ್ಗೆ ವಿವರವಾದ ಶಿಫಾರಸುಗಳನ್ನು ಸಲ್ಲಿಸಿತು. ಸಾರ್ವಜನಿಕ ರಕ್ಷಣೆ ಹಾಗೂ ವಿಪತ್ತು ಪರಿಹಾರಕ್ಕಾಗಿ ದೇಶವ್ಯಾಪಿ ಬ್ರಾಡ್‌ಬ್ಯಾಂಡ್ ಜಾಲ, ಅದಕ್ಕೆ ಮೀಸಲಾದ ತರಂಗಾಂತರ, ನಿರ್ವಹಣೆಗೆ ಪ್ರತ್ಯೇಕ ಸಂಸ್ಥೆ ಇರಬೇಕೆಂಬುದು ಅದರ ಸಾರ. ಅಂತಹ ಜಾಲ ದೇಶಾದ್ಯಂತ ಇನ್ನೂ ನಿಂತಿಲ್ಲ. ಆದರೆ ದಿಕ್ಕು ಸ್ಪಷ್ಟವಾಗುತ್ತಿದೆ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ರೈಲ್ವೆಗೆ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ 5 ಮೆಗಾಹರ್ಟ್ಸ್ ಹಂಚಿಕೆಗೆ ಒಪ್ಪಿಗೆ ನೀಡಿತು. ನೈರುತ್ಯ ರೈಲ್ವೆಯ ಕೇಂದ್ರಸ್ಥಾನವಾದ ಹುಬ್ಬಳ್ಳಿಗೆ ಈ ಬೆಳವಣಿಗೆ ನೇರವಾಗಿ ಸಂಬಂಧಿಸಿದೆ. 2023ರ ದೂರಸಂಪರ್ಕ ಕಾಯ್ದೆಯ 20ನೇ ಪ್ರಕರಣ ಸಾರ್ವಜನಿಕ ತುರ್ತುಸ್ಥಿತಿಯಲ್ಲಿ ಪರಿಹಾರ ಕಾರ್ಯದಲ್ಲಿ ತೊಡಗಿದವರ ಸಂದೇಶಗಳಿಗೆ ಆದ್ಯತೆ ಕೊಡಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿದೆ.

ಅವಳಿನಗರದ ನೆಲ ಮತ್ತು ಅದರ ಬೇಡಿಕೆ

ತಂತ್ರಜ್ಞಾನ ಎಲ್ಲಿಯದೇ ಆದರೂ ರೇಡಿಯೋ ಅಲೆಗಳು ಸಾಗಬೇಕಾದುದು ಇಲ್ಲಿನ ನೆಲದ ಮೇಲೆ. ಸುಮಾರು 20 ಕಿಲೋಮೀಟರ್ ಅಂತರದ ಎರಡು ನಗರಗಳು ಒಂದೇ ಪೊಲೀಸ್ ಕಮಿಷನರೇಟ್‌ನ ವ್ಯಾಪ್ತಿಯಲ್ಲಿವೆ. ಹುಬ್ಬಳ್ಳಿಯ ಪೂರ್ವಕ್ಕೆ ಕಪ್ಪು ಮಣ್ಣಿನ ಬಯಲು. ಧಾರವಾಡದ ಪಶ್ಚಿಮಕ್ಕೆ ಏರುತಗ್ಗಿನ ಮಲೆನಾಡಿನ ಸೆರಗು. ನವಲಗುಂದದ ಬಯಲಿನಲ್ಲಿ ಒಂದು ರಿಪೀಟರ್ ದೂರದವರೆಗೆ ತಲುಪಿದರೆ, ಕಲಘಟಗಿ, ಅಳ್ನಾವರಗಳ ಕಾಡು ಕಣಿವೆಗಳಲ್ಲಿ ಅದೇ ಉಪಕರಣಕ್ಕೆ ನೆರಳು ಪ್ರದೇಶಗಳು ಎದುರಾಗುತ್ತವೆ. ನೃಪತುಂಗ ಬೆಟ್ಟದಂತಹ ಎತ್ತರದ ತಾಣಗಳ ಮೌಲ್ಯ ಇರುವುದು ಇಲ್ಲಿಯೇ. ಆಂಟೆನಾ ಎಷ್ಟು ಎತ್ತರವೋ ಮಾತು ಅಷ್ಟು ದೂರ.

ಅಪಾಯಗಳೂ ಬಗೆಬಗೆಯಾಗಿವೆ. ಮಳೆಗಾಲದಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಕೆಲವೇ ಗಂಟೆಗಳಲ್ಲಿ ಉಕ್ಕಿ ಹಳ್ಳಿಗಳ ಸಂಪರ್ಕ ಕಡಿಯುತ್ತವೆ. ಪುಣೆ–ಬೆಂಗಳೂರು ಹೆದ್ದಾರಿ, ಅಂಕೋಲಾ ಮಾರ್ಗ, ಗದಗ ಮಾರ್ಗಗಳು ಇಲ್ಲಿ ಕೂಡುತ್ತವೆ. ಇಂಧನ ಹಾಗೂ ರಾಸಾಯನಿಕ ಟ್ಯಾಂಕರ್‌ಗಳು ಹಗಲಿರುಳು ಹಾದುಹೋಗುತ್ತವೆ. ದುರ್ಗದಬೈಲಿನಂತಹ ಹಳೆಯ ಪೇಟೆಯ ಓಣಿಗಳಲ್ಲಿ ಅಗ್ನಿಶಾಮಕ ವಾಹನ ದೂರದಲ್ಲಿ ನಿಂತು, ಸಿಬ್ಬಂದಿ ಕೊಳವೆ ಹಿಡಿದು ಒಳಗೆ ಸಾಗಬೇಕಾಗುತ್ತದೆ. ಆಗ ಪಂಪಿನ ಬಳಿ ಇರುವವರಿಗೂ ಕೊಳವೆಯ ತುದಿಯಲ್ಲಿರುವವರಿಗೂ ನಡುವಿನ ಏಕೈಕ ಕೊಂಡಿ ಕೈರೇಡಿಯೋ. 2022ರ ಜುಲೈನಲ್ಲಿ ತಾರಿಹಾಳ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಸಂಭವಿಸಿದ ಬೆಂಕಿ ಅವಘಡದಲ್ಲಿ ಕಾರ್ಮಿಕರು ಪ್ರಾಣ ಕಳೆದುಕೊಂಡದ್ದನ್ನು ಉದ್ಯಮ ವಲಯ ಮರೆತಿಲ್ಲ.

ಕಟ್ಟಡಗಳ ಒಳಭಾಗ ಇನ್ನೊಂದು ಸವಾಲು. ಕಾಂಕ್ರೀಟು, ಉಕ್ಕಿನ ಚಾವಣಿ, ಲೋಹಲೇಪಿತ ಗಾಜು ಇವೆಲ್ಲವೂ ರೇಡಿಯೋ ಅಲೆಗಳನ್ನು ತಡೆಯುತ್ತವೆ. 150 ಮೆಗಾಹರ್ಟ್ಸ್‌ನ ಅಲೆ ಸುಮಾರು 2 ಮೀಟರ್ ಉದ್ದದ್ದು; ಬಯಲಿನಲ್ಲಿ ಚೆನ್ನಾಗಿ ಸಾಗುತ್ತದೆ. 450 ಮೆಗಾಹರ್ಟ್ಸ್‌ನ ಅಲೆ ಅದರ ಮೂರನೇ ಒಂದರಷ್ಟು ಚಿಕ್ಕದಾಗಿದ್ದು, ಕಿಟಕಿ ಬಾಗಿಲುಗಳ ಸಂದುಗಳಲ್ಲಿ ಸುಲಭವಾಗಿ ನುಸುಳುತ್ತದೆ. ಆದರೂ ನೆಲಮಾಳಿಗೆಯಲ್ಲಿ, ಶೀತಲೀಕರಣ ಗೋದಾಮಿನಲ್ಲಿ ಎರಡೂ ಸೋಲಬಹುದು. ಅಮೆರಿಕದಲ್ಲಿ ವ್ಯಾಪಕವಾಗಿ ಅನುಸರಿಸುವ ಅಗ್ನಿ ಸಂಹಿತೆಯೊಂದು ಕಟ್ಟಡದ ಪ್ರತಿ ಅಂತಸ್ತಿನ ಶೇ. 95ರಷ್ಟು ಭಾಗದಲ್ಲಿ ತುರ್ತುಸೇವೆಯ ರೇಡಿಯೋ ಸಂಕೇತ ದೊರೆಯಬೇಕೆಂದು ಮಾಲೀಕರಿಗೆ ವಿಧಿಸುತ್ತದೆ. ಕಟ್ಟಡದುದ್ದಕ್ಕೂ ಸಂಕೇತವನ್ನು ಸ್ವಲ್ಪ ಸ್ವಲ್ಪವಾಗಿ ಸೂಸುವ ವಿಶೇಷ ಕೇಬಲ್ ಅಳವಡಿಸಿ, ಅಥವಾ ಒಳಾಂಗಣ ಆಂಟೆನಾಗಳ ಮೂಲಕ ಇದನ್ನು ಸಾಧಿಸಬಹುದು. ಹುಬ್ಬಳ್ಳಿ-ಧಾರವಾಡದಲ್ಲಿ ಎತ್ತರದ ಸಂಕೀರ್ಣಗಳು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ, ನೀರಿನ ಕೊಳವೆಯ ಒತ್ತಡವನ್ನು ಪರೀಕ್ಷಿಸುವಂತೆಯೇ ರೇಡಿಯೋ ಸಂಕೇತವನ್ನೂ ಪರೀಕ್ಷಿಸುವ ಪರಿಪಾಠ ಬೆಳೆಯಬೇಕು.

ಎಲ್ಲ ಜಾಲಗಳೂ ಕೈಕೊಟ್ಟಾಗ

ಮಹಾ ವಿಪತ್ತುಗಳಲ್ಲಿ ಅತ್ಯಾಧುನಿಕ ಜಾಲವೂ ಮೌನವಾಗಬಹುದು. 2004ರ ಡಿಸೆಂಬರ್ 26ರ ಸುನಾಮಿಯ ಸಮಯದಲ್ಲಿ ಅಂಡಮಾನ್ ದ್ವೀಪಗಳಿಗೆ ಹವ್ಯಾಸಿ ರೇಡಿಯೋ ಅಭಿಯಾನಕ್ಕಾಗಿ ತೆರಳಿದ್ದ ಭಾರತಿ ಪ್ರಸಾದ್ ಅವರ ತಂಡ, ಸಾಮಾನ್ಯ ಸಂಪರ್ಕ ಕಡಿದಿದ್ದಾಗ ತನ್ನ ಉಪಕರಣಗಳ ಮೂಲಕ ದ್ವೀಪವಾಸಿಗಳ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ತಲುಪಿಸಿತು. ಪರವಾನಿಗೆ ಪಡೆದ ಹವ್ಯಾಸಿಗಳ ಈ ಬಲ ಸಣ್ಣದಲ್ಲ. ಕಾರಿನ ಬ್ಯಾಟರಿ ಹಾಗೂ ಮರಕ್ಕೆ ಕಟ್ಟಿದ ತಂತಿಯಿಂದ ಹೈಫ್ರೀಕ್ವೆನ್ಸಿ ಅಲೆಗಳು ನೂರಾರು ಕಿಲೋಮೀಟರ್ ಸಾಗಬಲ್ಲವು.

ಸಾರ್ವಜನಿಕರಿಗೆ ಎಚ್ಚರಿಕೆ ನೀಡುವ ದಿಕ್ಕಿನಲ್ಲಿ ಸೆಲ್ ಬ್ರಾಡ್‌ಕಾಸ್ಟ್ ತಂತ್ರಜ್ಞಾನ ಬಂದಿದೆ. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲ್‌ಗಳು ಏಕಕಾಲಕ್ಕೆ ಗಟ್ಟಿಯಾಗಿ ಸದ್ದು ಮಾಡಿದ್ದು ಇದರ ಪ್ರಾಯೋಗಿಕ ಪರೀಕ್ಷೆಯಿಂದ. ಉಪಗ್ರಹ ಸಂಪರ್ಕವೂ ಅಗ್ಗವಾಗುವ ಹಾದಿಯಲ್ಲಿದೆ. ಆದರೆ ಭಾರತದಲ್ಲಿ ಅನುಮತಿಯಿಲ್ಲದೆ ಉಪಗ್ರಹ ದೂರವಾಣಿ ಬಳಸುವುದು ಅಪರಾಧವೆಂಬುದನ್ನು ವಿದೇಶ ಪ್ರವಾಸ ಮಾಡುವ ಉದ್ಯಮಿಗಳು ಗಮನದಲ್ಲಿಡಬೇಕು.

ಇವೆಲ್ಲವುಗಳಿಗಿಂತ ಸರಳವಾದ ಒಂದು ಸಾಧನವೂ ಇದೆ. ಕುಸಿದ ಕಟ್ಟಡಗಳ ಶೋಧ ಹಾಗೂ ರಕ್ಷಣೆಗೆ ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸೀಟಿ ಅಥವಾ ಹಾರ್ನ್‌ನ ಮೂರು ಚಿಕ್ಕ ಸದ್ದುಗಳು ಎಂದರೆ ಕೂಡಲೇ ಹೊರಬನ್ನಿ. ಒಂದು ದೀರ್ಘ ಸದ್ದು ಎಂದರೆ ಕೆಲಸ ನಿಲ್ಲಿಸಿ, ನಿಶ್ಶಬ್ದರಾಗಿ. ಒಂದು ದೀರ್ಘ ಮತ್ತು ಒಂದು ಚಿಕ್ಕ ಸದ್ದು ಎಂದರೆ ಮತ್ತೆ ಆರಂಭಿಸಿ. ಬ್ಯಾಟರಿ ಬೇಡದ, ಭಾಷೆ ಬೇಡದ ಈ ಸಂಕೇತ ಎಲ್ಲರಿಗೂ ಗೊತ್ತಿದ್ದರೆ ಮಾತ್ರ ಉಪಯುಕ್ತ. ರೇಡಿಯೋದ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಉಪಕರಣ ಎಷ್ಟೇ ಹೊಸದಾಗಿದ್ದರೂ, ಯಾವ ಚಾನೆಲ್‌ನಲ್ಲಿ ಯಾರು ಯಾರೊಡನೆ ಮಾತನಾಡಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು.

ಮೂರು ಹಂತಗಳ ದಾರಿ

ಈ ಹಿನ್ನೆಲೆಯಲ್ಲಿ ಅವಳಿನಗರದ ಮುಂದಿನ ವರ್ಷಗಳ ಸಿದ್ಧತೆಯನ್ನು ಮೂರು ಹಂತಗಳಲ್ಲಿ ಯೋಚಿಸಬಹುದು. ಮೊದಲ ಹಂತಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ನೇತೃತ್ವದಲ್ಲಿ ಎಲ್ಲ ಇಲಾಖೆಗಳಿಗೂ ಲಭ್ಯವಾಗುವ ಒಂದು ಸಾಮಾನ್ಯ ಚಾನೆಲ್, ಒಂದು ಪುಟದ ಸಂಪರ್ಕ ನಕ್ಷೆ ಹಾಗೂ ಸ್ಥಳನಾಮಗಳ ಏಕರೂಪ ಪಟ್ಟಿ ಸಿದ್ಧವಾಗಬೇಕು. ಒಂದೇ ವೃತ್ತಕ್ಕೆ ಹಳೆಯ ಹೆಸರೊಂದು, ಹೊಸ ಹೆಸರೊಂದು ಬಳಕೆಯಲ್ಲಿರುವ ಊರಿನಲ್ಲಿ ಹೊರಜಿಲ್ಲೆಯ ತಂಡ ದಾರಿ ತಪ್ಪುವುದು ಕಷ್ಟವೇನಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಘಟನಾ ಸ್ಪಂದನಾ ವ್ಯವಸ್ಥೆಯ ಮಾರ್ಗಸೂಚಿ ಇಂತಹ ಪೂರ್ವಯೋಜನೆಗೆ ಚೌಕಟ್ಟನ್ನು ಒದಗಿಸಿದೆ.

ಎರಡನೆಯ ಹಂತ, ಇರುವ ಜಾಲಗಳನ್ನು ಬೆಸೆಯುವುದು. ಒಂದು ಇಲಾಖೆಯ ರೇಡಿಯೋದಲ್ಲಿ ಆಡಿದ ಮಾತನ್ನು ಇನ್ನೊಂದು ಇಲಾಖೆಯ ರೇಡಿಯೋಗೂ ಮೊಬೈಲ್ ಅಪ್ಲಿಕೇಶನ್‌ಗೂ ತಲುಪಿಸುವ ಗೇಟ್‌ವೇ ಉಪಕರಣಗಳು ಮಾರುಕಟ್ಟೆಯಲ್ಲಿವೆ. ಅನಲಾಗ್ ಉಪಕರಣಗಳ ಆಯುಷ್ಯ ಮುಗಿದಂತೆ ಡಿಜಿಟಲ್ ಉಪಕರಣಗಳನ್ನು ಖರೀದಿಸುವಾಗ, ಬೇರೆ ತಯಾರಕರ ಉಪಕರಣದೊಡನೆಯೂ ಹೊಂದಿಕೊಳ್ಳುವ ಮುಕ್ತ ಮಾನದಂಡವನ್ನು ಟೆಂಡರ್‌ನಲ್ಲಿಯೇ ಷರತ್ತಾಗಿ ವಿಧಿಸಬೇಕು. ಮೂರನೆಯ ಹಂತದಲ್ಲಿ, ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲ ಬಂದಾಗ ಚಿತ್ರ, ನಕ್ಷೆ, ದತ್ತಾಂಶಗಳು ಅದರ ಮೇಲೆ ಸಾಗಲಿ. ಆಗಲೂ ಬೆಂಕಿಯೊಳಗೆ ಹೋಗುವವರ ಸೊಂಟದಲ್ಲಿ ಗೋಪುರವಿಲ್ಲದೆ ಮಾತನಾಡಬಲ್ಲ ರೇಡಿಯೋ ಇರಲೇಬೇಕು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಪರವಾನಿಗೆ: ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಕೈರೇಡಿಯೋಗಳಿಗೆ 2018ರ ನಿಯಮಗಳಡಿ ಪರವಾನಿಗೆಯಿಂದ ವಿನಾಯಿತಿ ನೀಡಲಾಯಿತು. ಉಳಿದ ಬಹುತೇಕ ಆವರ್ತನಗಳಿಗೆ ದೂರಸಂಪರ್ಕ ಇಲಾಖೆಯ ಅನುಮತಿ ಅಗತ್ಯ. ಅಂತರಜಾಲ ಮಳಿಗೆಗಳಲ್ಲಿ ಅನುಮೋದನೆಯಿಲ್ಲದ ವಾಕಿಟಾಕಿಗಳ ಮಾರಾಟವನ್ನು ತಡೆಯಲು 2025ರಲ್ಲಿ ಮಾರ್ಗಸೂಚಿ ಹೊರಬಿದ್ದಿದೆ. ಅಗ್ಗದ ಉಪಕರಣವೊಂದು ಪೊಲೀಸ್ ಅಥವಾ ವಿಮಾನಯಾನದ ಸಂಪರ್ಕಕ್ಕೆ ಅಡ್ಡಿಯಾದರೆ ಅದರ ಹೊಣೆ ಬಳಸಿದವರದೇ.

2. ಪರೀಕ್ಷೆ: ಅಣಕು ಕಾರ್ಯಾಚರಣೆಯ ದಿನ ಅಗ್ನಿಶಾಮಕ ಸಿಬ್ಬಂದಿಯನ್ನು ನೆಲಮಾಳಿಗೆ, ಗೋದಾಮು, ಮೆಟ್ಟಿಲುಗಳಿಗೆ ಕರೆದೊಯ್ದು ಅವರ ರೇಡಿಯೋ ಎಲ್ಲೆಲ್ಲಿ ಕೇಳಿಸುವುದಿಲ್ಲವೆಂದು ನಕ್ಷೆಯಲ್ಲಿ ಗುರುತಿಸಬೇಕು.

3. ಒಂದು ಕೈರೇಡಿಯೋ ಮೀಸಲು: ಕಾರ್ಖಾನೆಯ ಭದ್ರತಾ ಸಿಬ್ಬಂದಿ ತಮ್ಮ ಜಾಲದ ಒಂದು ಕೈರೇಡಿಯೋವನ್ನು ಬಂದ ಕೂಡಲೇ ಅಗ್ನಿಶಾಮಕ ಅಧಿಕಾರಿಯ ಕೈಗಿಡುವ ವ್ಯವಸ್ಥೆ ಇರಲಿ. ಎರಡು ಜಾಲಗಳನ್ನು ಬೆಸೆಯುವ ಅತ್ಯಂತ ಅಗ್ಗದ ವಿಧಾನ ಇದೇ.

4. ವಿದ್ಯುತ್: ಚಾರ್ಜ್ ಆಗದ ಬ್ಯಾಟರಿಯ ರೇಡಿಯೋ ಇಟ್ಟಿಗೆಗೆ ಸಮ. ಹೆಚ್ಚುವರಿ ಬ್ಯಾಟರಿ ಹಾಗೂ ವಾರಕ್ಕೊಮ್ಮೆ ತಪಾಸಣೆ ಕಡ್ಡಾಯವಾಗಲಿ. ಚಾವಣಿಯ ಮೇಲೆ ಮೊಬೈಲ್ ಗೋಪುರಕ್ಕೆ ಜಾಗ ಕೊಟ್ಟವರು ಅದರ ಜನರೇಟರ್‌ಗೆ ತುರ್ತು ಸಂದರ್ಭದಲ್ಲಿ ಡೀಸೆಲ್ ತಲುಪುವ ದಾರಿಯನ್ನು ಮುಕ್ತವಾಗಿಡಬೇಕು.

5. ಯೋಜನೆ: ಅಪಾಯಕಾರಿ ರಾಸಾಯನಿಕಗಳನ್ನು ನಿರ್ವಹಿಸುವ ದೊಡ್ಡ ಘಟಕಗಳು ಕಾನೂನಿನನ್ವಯ ಸಿದ್ಧಪಡಿಸುವ ಸ್ಥಳೀಯ ತುರ್ತು ಯೋಜನೆಯಲ್ಲಿ ಸಂಪರ್ಕ ನಕ್ಷೆಯ ಒಂದು ಪುಟ ಇರಲೇಬೇಕು. ಚಿಕ್ಕ ಘಟಕಗಳೂ ಇದನ್ನು ಸ್ವಇಚ್ಛೆಯಿಂದ ಅಳವಡಿಸಿಕೊಳ್ಳಬಹುದು.

6. ಅವಕಾಶ: ಒಳಾಂಗಣ ಆಂಟೆನಾ ಅಳವಡಿಕೆ, ಬ್ಯಾಟರಿ ನಿರ್ವಹಣೆ, ಉಪಕರಣ ದುರಸ್ತಿ, ಕನ್ನಡದಲ್ಲಿ ಕಾರ್ಯನಿರ್ವಹಿಸುವ ನಿಯಂತ್ರಣ ಕೊಠಡಿಯ ತಂತ್ರಾಂಶ ಇವೆಲ್ಲವೂ ಸ್ಥಳೀಯ ಉದ್ಯಮಕ್ಕೆ ತೆರೆದ ಕ್ಷೇತ್ರಗಳು. ಧಾರವಾಡದ ಐಐಟಿ, ಐಐಐಟಿ ಹಾಗೂ ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯಗಳ ಪರಿಣತಿ ಕೈಯಳತೆಯಲ್ಲಿಯೇ ಇದೆ.

ಉಪಸಂಹಾರ

ತಂತ್ರಜ್ಞಾನ ಹತ್ತು ವರ್ಷಕ್ಕೊಮ್ಮೆ ಹೆಸರು ಬದಲಿಸುತ್ತದೆ. ತುರ್ತುಸೇವೆಯ ಸಂಪರ್ಕಕ್ಕೆ ಬೇಕಾದ ಗುಣಗಳು ಮಾತ್ರ ಬದಲಾಗಿಲ್ಲ: ಗುಂಡಿ ಒತ್ತಿದೊಡನೆ ಮಾತು ಹೊರಡಬೇಕು, ಕೇಳಬೇಕಾದ ಎಲ್ಲರಿಗೂ ಕೇಳಬೇಕು, ಗೋಪುರ ಬಿದ್ದರೂ ನಿಲ್ಲಬಾರದು. ಬ್ರಾಡ್‌ಬ್ಯಾಂಡ್, ಉಪಗ್ರಹ, ಡ್ರೋನ್‌ಗಳ ಮೌಲ್ಯವನ್ನು ಈ ಮೂರು ಅಳತೆಗೋಲುಗಳಿಂದಲೇ ಅಳೆಯುವುದು ಒಳಿತು. ವಿಮೆಯ ಕಂತನ್ನು ತಪ್ಪದೆ ಕಟ್ಟುವ ವ್ಯಾಪಾರಸ್ಥರು ಅವಘಡದ ಮೊದಲ ಹತ್ತು ನಿಮಿಷಗಳ ಬಗೆಗೂ ಅಷ್ಟೇ ಕಾಳಜಿ ವಹಿಸಿದಲ್ಲಿ, ಅನೇಕ ಸಂದರ್ಭಗಳಲ್ಲಿ ವಿಮೆಯ ಹಣ ಕೇಳುವ ಪ್ರಸಂಗವೇ ಬಾರದು. ಹಣ ಮರಳಿ ಕೊಡಲಾಗದ ಜೀವಗಳ ವಿಷಯದಲ್ಲಿ ಈ ಸಿದ್ಧತೆಗೆ ಪರ್ಯಾಯವಿಲ್ಲ.